ಪವರ್‌ಪಾಯಿಂಟಲ್ಲಿ ಕನ್ನಡ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತಿದೆ, 46 ಸ್ಲೈಡನ್ನೂ ಒಂದೊಂದಾಗಿ ತಿದ್ದಬೇಕಾ?

ಹೈಸ್ಕೂಲ್_ಮೇಡಂ:
ಹತ್ತನೇ ಕ್ಲಾಸಿನ 'ಜೀವಕ್ರಿಯೆಗಳು' ಪಾಠಕ್ಕೆ 46 ಸ್ಲೈಡ್ ಮಾಡಿಕೊಂಡಿದ್ದೇನೆ. ಮೊದಲ 20 ಹಳೇವು, ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಉಳಿದವು ಈ ವರ್ಷ ಯುನಿಕೋಡಲ್ಲಿ ಸೇರಿಸಿದ್ದು. ಮನೆ ಲ್ಯಾಪ್‌ಟಾಪಲ್ಲಿ ಎಲ್ಲ ಚೆನ್ನಾಗಿದೆ. ಶಾಲೆಯ ಕಂಪ್ಯೂಟರಿಗೆ ಹಾಕಿದರೆ ಹಳೇ ಸ್ಲೈಡಿನ ತುಂಬಾ ತಲೆ ಮೇಲೆ ಗೀಟಿರುವ ಇಂಗ್ಲಿಷ್ 'ಎ'ಗಳು. ಹಿಂದಿನ ಬೆಂಚಿನವನೊಬ್ಬ "ಮಿಸ್, ಇದು ಫ್ರೆಂಚಾ?" ಅಂದ. ಹೊಸ ಸ್ಲೈಡಲ್ಲಿ ಬೇರೆ ರಗಳೆ: 'ದ್ಯುತಿಸಂಶ್ಲೇಷಣೆ'ಯ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಹೆಣೆದುಕೊಂಡಿವೆ. ಶೀರ್ಷಿಕೆಯ ನೀಲಿ ಬಣ್ಣವೂ ಪ್ರೊಜೆಕ್ಟರಲ್ಲಿ ಕಾಣಲ್ಲ. ಕೈಯಲ್ಲೇ ತಿದ್ದೋಣ ಅಂತ ಕೂತು ಏಳನೇ ಸ್ಲೈಡಿಗೆ ಬಿಟ್ಟೆ. ಸುಲಭದ ದಾರಿ ಇದೆಯಾ?

ಸುಮ್ನೆ_ಓದುಗ:
ಮನೆಯಲ್ಲೇ ಪಿಡಿಎಫ್ ಮಾಡಿಕೊಂಡು ಒಯ್ಯಿರಿ. ಕಥೆ ಮುಗೀತು.

ಡಿಟಿಪಿ_ಮಾವ:
ಪಿಡಿಎಫ್ ಮಾಡಿದರೆ ಅನಿಮೇಷನ್ ಹೋಗುತ್ತೆ. ಹೃದಯದಲ್ಲಿ ರಕ್ತ ಹರಿಯೋದನ್ನ ಬಾಣ ಒಂದೊಂದೇ ಬರಿಸಿ ತೋರಿಸಬೇಕಲ್ಲ ಅವರು? ಹದಿನೆಂಟು ವರ್ಷ ಮದುವೆ ಪತ್ರಿಕೆಯಿಂದ ಪಂಚಾಯ್ತಿ ವರದಿವರೆಗೆ ಕನ್ನಡ ಕಂಪೋಸ್ ಮಾಡಿದವನು ನಾನು. ಮೇಡಂ, ನಿಮ್ಮ ಹತ್ತಿರ ಇರೋದು ಎರಡು ಬೇರೆ ಕಾಯಿಲೆ.

ಮೊದಲನೇದು ನುಡಿ. ಅದರ ಹಳೇ ಫಾಂಟಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ನೀವು ಹೊಡೆದಿರೋದು ಇಂಗ್ಲಿಷ್ ಅಕ್ಷರವೇ, ಫಾಂಟು ಅದಕ್ಕೆ ಕನ್ನಡದ ವೇಷ ಹಾಕಿರುತ್ತೆ. ಫಾಂಟಿಲ್ಲದ ಕಡೆ ವೇಷ ಕಳಚುತ್ತೆ. ಬರೀ ಫಾಂಟ್ ಬದಲಿಸಿದರೆ ಆಗಲ್ಲ, ಪಠ್ಯವನ್ನೇ ಯುನಿಕೋಡಿಗೆ, ಅಂದ್ರೆ ಕನ್ನಡ ಅಕ್ಷರಕ್ಕೇ ಸ್ವಂತ ಸಂಕೇತ ಇರೋ ಪದ್ಧತಿಗೆ, ಪರಿವರ್ತಿಸಬೇಕು. ನುಡಿ ತಂತ್ರಾಂಶದ ಜೊತೆಗೇ ಪರಿವರ್ತಕ ಬರುತ್ತೆ.

ಎರಡನೇದು ಒತ್ತಿನ ಜಗಳ. ಇದರಲ್ಲಿ ತಪ್ಪು ನಿಮ್ಮದಲ್ಲ, ಆಟೋಫಿಟ್‌ದು. ಪೆಟ್ಟಿಗೆಯಲ್ಲಿ ಸಾಲು ಹೆಚ್ಚಾದಾಗ ಪವರ್‌ಪಾಯಿಂಟ್ ಅಕ್ಷರವನ್ನ ಚಿಕ್ಕದು ಮಾಡೋದಲ್ಲದೆ, ಹೇಳದೆ ಕೇಳದೆ ಸಾಲಿನ ನಡುವಿನ ಜಾಗವನ್ನೂ ಕತ್ತರಿಸುತ್ತೆ. ಇಂಗ್ಲಿಷಿಗೆ ನಡೆಯುತ್ತೆ. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ಎರಡು ಕಡೆಯಿಂದಲೂ ಜಾಗ ಬೇಕು. ಪೆಟ್ಟಿಗೆ ಮೇಲೆ ರೈಟ್ ಕ್ಲಿಕ್, ಫಾರ್ಮ್ಯಾಟ್ ಶೇಪ್, ಟೆಕ್ಸ್ಟ್ ಆಪ್ಷನ್ಸ್, ಟೆಕ್ಸ್ಟ್ ಬಾಕ್ಸ್, ಅಲ್ಲಿ 'ಡು ನಾಟ್ ಆಟೋಫಿಟ್'. ಲೈನ್ ಸ್ಪೇಸಿಂಗ್ 'ಮಲ್ಟಿಪಲ್' ಇಟ್ಟು 1.2 ಕೊಡಿ. 'ಎಕ್ಸಾಕ್ಟ್ಲಿ' ಮಾತ್ರ ಮುಟ್ಟಬೇಡಿ. ಸಾಲೆಲ್ಲ ಪೆಟ್ಟಿಗೆಯಲ್ಲಿ ಹಿಡಿಯದಿದ್ದರೆ ಸ್ಲೈಡನ್ನ ಎರಡು ಮಾಡಿ. ಒಂದರಲ್ಲೇ ಹನ್ನೊಂದು ಸಾಲು ತುರುಕಿದರೆ ಮಕ್ಕಳು ಓದ್ತಾರಾ?

ಇದನ್ನ 46 ಸಲ ಮಾಡಬೇಡಿ. ವ್ಯೂ, ಸ್ಲೈಡ್ ಮಾಸ್ಟರ್. ಎಡಗಡೆ ಎಲ್ಲಕ್ಕಿಂತ ಮೇಲೆ ದೊಡ್ಡ ಸ್ಲೈಡೊಂದಿದೆ ನೋಡಿ, ಅದೇ ಮನೆ ಯಜಮಾನ. ಶೀರ್ಷಿಕೆಯ ಬಣ್ಣ, ಫಾಂಟು, ಸಾಲಿನ ಅಂತರ ಎಲ್ಲ ಅಲ್ಲೇ ಒಂದು ಸಲ ಕೊಟ್ಟು ಮುಚ್ಚಿ. ಕೆಲವು ಸ್ಲೈಡು ಮಾತು ಕೇಳಲ್ಲ, ಯಾಕಂದ್ರೆ ಹಿಂದೆ ನೀವೇ ಕೈಯಾರೆ ಬಣ್ಣ ಕೊಟ್ಟಿರ್ತೀರಿ. ಅವನ್ನ ಆಯ್ದು ಹೋಮ್‌ನಲ್ಲಿ 'ರೀಸೆಟ್' ಒತ್ತಿ. ಪಕ್ಕಕ್ಕೆ ಸರಿಸಿಟ್ಟ ಪೆಟ್ಟಿಗೆಯೂ ಲೇಔಟಿನ ಮೂಲ ಜಾಗಕ್ಕೆ ಹೋಗಿ ಕೂರುತ್ತೆ, ಹೆದರಬೇಡಿ, ಕಂಟ್ರೋಲ್ ಝಡ್ ಇದೆಯಲ್ಲ.

ಆಮೇಲೂ ಬಗ್ಗದವು 'ಇನ್ಸರ್ಟ್ ಟೆಕ್ಸ್ಟ್ ಬಾಕ್ಸ್' ಹಾಕಿದವು. ಅವು ಬಾಡಿಗೆದಾರರು, ಯಜಮಾನನ ಮಾತು ಅವಕ್ಕೆ ಅನ್ವಯಿಸಲ್ಲ. ಯಾವುವು ಅಂತ ಪತ್ತೆ ಹಚ್ಚೋಕೆ ವ್ಯೂನಲ್ಲಿ 'ಔಟ್‌ಲೈನ್ ವ್ಯೂ' ತೆರೆಯಿರಿ. ಅಲ್ಲಿ ಕಾಣದ ಬರಹವನ್ನ ಕೈಯಲ್ಲೇ ತಿದ್ದಬೇಕು.

ಫಾಂಟಿಗೆ ನಿರ್ಮಲಾ ಯುಐ ಸಾಕು, ವಿಂಡೋಸ್ 8ರಿಂದೀಚೆಗೆ ಎಲ್ಲದರಲ್ಲೂ ಇದೆ. ತುಂಗಾ ಹಾಕಬೇಡಿ, ವಿಂಡೋಸ್ 10ರಲ್ಲಿ ಅದನ್ನ ಬೇರೆಯಾಗಿ ಹಾಕಿಕೊಳ್ಳಬೇಕು. 'ನೋಟೋ' ಅಥವಾ 'ಬಾಲೂ ತಮ್ಮ' ಅನ್ನೋ ಫಾಂಟು ಇಷ್ಟವಾದರೆ ಫೈಲ್, ಆಪ್ಷನ್ಸ್, ಸೇವ್, ಕೊನೆಯಲ್ಲಿ 'ಎಂಬೆಡ್ ಫಾಂಟ್ಸ್' ಗುರುತು ಹಾಕಿ ಉಳಿಸಿ. ಮತ್ತೆ ದಯವಿಟ್ಟು ಕನ್ನಡಕ್ಕೆ ಇಟಾಲಿಕ್ ಬೇಡ. ಗಾಳಿಗೆ ಬಾಗಿದ ಜೋಳದ ಹೊಲದಂತಿರುತ್ತೆ.

ಉಬುಂಟು_ಉಡುಪ:
ಶಾಲೆಯಲ್ಲಿ ಇರೋದು ಪವರ್‌ಪಾಯಿಂಟ್ ಬದಲು ಅಂಥದ್ದೇ ಲಿಬ್ರೆಆಫೀಸ್ ಇಂಪ್ರೆಸ್ ಆದರೆ ಒಂದು ಗಮನಿಸಿ: ಅಲ್ಲಿ ಕನ್ನಡ 'ಸಿಟಿಎಲ್' (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್, ಅಂದ್ರೆ ಅಕ್ಷರಗಳು ಜೋಡಿಸಿಕೊಳ್ಳೋ ಲಿಪಿಗಳು) ಗುಂಪಿಗೆ ಸೇರುತ್ತೆ. ಫಾರ್ಮ್ಯಾಟ್, ಕ್ಯಾರೆಕ್ಟರ್ ತೆರೆದು ಸಿಟಿಎಲ್ ಫಾಂಟಿಗೇ ಗಾತ್ರ ಕೊಡಬೇಕು. ವೆಸ್ಟರ್ನ್ ಕಡೆ ಎಷ್ಟು ತಿರುಗಿಸಿದರೂ ಕನ್ನಡ ಅಲುಗಾಡಲ್ಲ. ನಾನು ಇದಕ್ಕೇ ಒಂದು ಭಾನುವಾರ ಕಳೆದಿದ್ದೇನೆ.

ಹೈಸ್ಕೂಲ್_ಮೇಡಂ:
ಮಾವ, ಮಾಸ್ಟರಲ್ಲಿ ಹಳದಿ ಕೊಟ್ಟ ತಕ್ಷಣ 31 ಸ್ಲೈಡಿನ ಶೀರ್ಷಿಕೆ ಒಟ್ಟಿಗೇ ಬದಲಾಯ್ತು. ಉಳಿದದ್ದಕ್ಕೆ ರೀಸೆಟ್. ಬಾಡಿಗೆದಾರರು ಆರು ಜನ ಸಿಕ್ಕರು. ದ್ಯುತಿಸಂಶ್ಲೇಷಣೆ ಈಗ ಆರಾಮಾಗಿ ಕಾಲು ಚಾಚಿದೆ. ಆದರೆ ಪರಿವರ್ತಕಕ್ಕೆ ಹಳೇ ಸ್ಲೈಡನ್ನ ಇಡಿಯಾಗಿ ಹಾಕಿದೆ, ಕಾರ್ಬನ್ ಡೈಆಕ್ಸೈಡಿನ ಸೂತ್ರದಲ್ಲಿ 'ಅಔ' ಅಂತ ಬಂದಿದೆ!

ಡಿಟಿಪಿ_ಮಾವ:
ಹ್ಹ ಹ್ಹ, ಹೇಳೋದು ಮರೆತೆ. ನುಡಿಯಲ್ಲಿ ಇಂಗ್ಲಿಷಿನ 'ಸಿ' ಜಾಗದಲ್ಲಿ ಕೂತಿರೋದು 'ಅ', 'ಓ' ಜಾಗದಲ್ಲಿ 'ಔ'. ಪರಿವರ್ತಕಕ್ಕೆ ರಸಾಯನಶಾಸ್ತ್ರ ಬರಲ್ಲ. ಸೂತ್ರಗಳನ್ನ ಬಿಟ್ಟು ಕನ್ನಡ ಸಾಲು ಮಾತ್ರ ಹಾಕಿ. ನೀರಿನ ಸೂತ್ರವನ್ನೂ ಒಮ್ಮೆ ನೋಡಿ, ಅಲ್ಲಿ 'ಎಚ್' ಬದಲು 'ಊ' ಇರುತ್ತೆ.