ಮೋಲ್ಡ್ ಹಾಕಿ ಏಳನೇ ದಿನಕ್ಕೆ ಸೆಂಟ್ರಿಂಗ್ ಬಿಚ್ಬಹುದಾ? ಅನುಭವ ಇರೋರು ಹೇಳಿ

ಕೇಳ್ತಿರೋರು, ಚಿತ್ರದುರ್ಗ: ಮನೆ ಕಟ್ಟಿಸ್ತಿದೀವಿ, ಮೊನ್ನೆ ಗ್ರೌಂಡ್ ಫ್ಲೋರ್ ಮೋಲ್ಡ್ (ಕಾಂಕ್ರೀಟ್ ಸ್ಲ್ಯಾಬ್) ಆಯ್ತು. ಎಂ20 ಕಾಂಕ್ರೀಟು, ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟು, ಸೈಟಲ್ಲೇ ಮಿಕ್ಸರ್ ಇಟ್ಟು ಹಾಕಿದ್ದು. ಹಾಲ್ 16 ಅಡಿಗೆ 20 ಅಡಿ, ನಡುವೆ ಕಂಬ ಇಲ್ಲ. ಸೆಂಟ್ರಿಂಗ್‌ನೋನಿಗೆ (ಸ್ಲ್ಯಾಬ್ ಕೆಳಗೆ ಆಧಾರಕ್ಕೆ ಶೀಟು, ಕಂಬ ಕಟ್ಟೋನು) ಬೇರೆ ಸೈಟಿಗೆ ಶೀಟು ಬೇಕಂತೆ, ಏಳು ದಿನಕ್ಕೆ ಬಿಚ್ತೀನಿ ಅಂತಾನೆ, ಕಲ್ಲಾಗಿದೆ ನೋಡಿ ಸಾರ್ ಅಂತ ಸುತ್ತಿಗೇಲಿ ಹೊಡೆದು ಬೇರೆ ತೋರಿಸ್ತಾನೆ. ಮೇಲ್ಗಡೆ ಕೂದಲೆಳೆ ಥರ ಬಿರುಕೂ ಕಾಣ್ತಿದೆ. ಮೇಸ್ತ್ರಿ ಏನಾಗಲ್ಲ ಬಿಡಿ ಅಂತಾರೆ. ಎಷ್ಟು ದಿನ ಬಿಡೋದು?

ಹುಬ್ಬಳ್ಳಿಯಿಂದ: ಬಾಡಿಗಿ ಹೆಚ್ಗಿ ಆದ್ರೂ ಕೊಡ್ರಿ, ಏಳು ದಿನಕ್ಕ ಬಿಚ್ಚಸಬ್ಯಾಡ್ರಿ. ನಮ್ಮ ಓಣ್ಯಾಗ ಒಬ್ಬರು ಹಿಂಗ ಅವಸರಾ ಮಾಡಿದ್ರು, ಸ್ಲ್ಯಾಬ್ ಏನ್ ಬೀಳಲಿಲ್ಲ ಖರೆ, ಆದ್ರ ಹಾಲ್ ನಡುವ ಇಳದೈತಿ, ತಲಿ ಎತ್ತಿ ನೋಡಿದ್ರ ಕಾಣತೈತಿ. ಅದನ್ನ ಮ್ಯಾಲ ಎತ್ತಾಕ ಬರೂದಿಲ್ಲ.

ಸೈಟ್ ಇಂಜಿನಿಯರ್, ದಾವಣಗೆರೆ: ಸುತ್ತಿಗೆ ಏಟಿಗೆ ಟಣ್ ಅಂದ್ರೆ ಮೇಲ್ಪದರ ಗಟ್ಟಿಯಾಗಿದೆ ಅಂತಷ್ಟೇ. ಸೆಟ್ ಆಗೋದೇ ಬೇರೆ ಸ್ಟ್ರೆಂತ್ ಬರೋದೇ ಬೇರೆ, ಸೈಟಲ್ಲಿ ಎರಡನ್ನೂ ಒಂದೇ ಅಂದ್ಕೊಂಡು ಕೂತಿರ್ತಾರೆ. ಸೆಟ್ಟಿಂಗ್ ಕೆಲವು ಗಂಟೆಗಳ ವಿಷ್ಯ, ಸಿಮೆಂಟು ಅರ್ಧ ಗಂಟೆಗಿಂತ ಮುಂಚೆ ಸೆಟ್ ಆಗೋಕೆ ಶುರು ಆಗ್ಬಾರ್ದು, 10 ಗಂಟೆ ಒಳಗೆ ಮುಗೀಬೇಕು ಅಂತ ಐಎಸ್ (ಭಾರತೀಯ ಮಾನಕ) ಹೇಳುತ್ತೆ. ಸ್ಟ್ರೆಂತ್ ಮಾತ್ರ ವಾರಗಟ್ಟಲೆ ಬರ್ತಾ ಇರುತ್ತೆ. ಎಂ20 ಅನ್ನೋದ್ರಲ್ಲಿ ಆ 20 (ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಅಂತ) ಬರೋದು 28 ದಿನದ ಲೆಕ್ಕಕ್ಕೆ, ಏಳು ದಿನಕ್ಕೆ ಓಪಿಸಿ (ಬೂದಿ ಬೆರೆಸದ ಮಾಮೂಲಿ ಸಿಮೆಂಟು) ಆದ್ರೆ ಹೆಚ್ಚು ಕಮ್ಮಿ ಮೂರರಲ್ಲಿ ಎರಡು ಪಾಲು ಬಂದಿರುತ್ತೆ.

ನಿಮ್ದು ಪಿಪಿಸಿ, ಅದು ಇನ್ನೂ ನಿಧಾನ. ಐಎಸ್ ಪ್ರಕಾರ ಸಿಮೆಂಟಿಗೆ ಇರ್ಬೇಕಾದ ಕನಿಷ್ಠ ಸ್ಟ್ರೆಂತ್ ಅದೇ ಅಳತೇಲಿ ನೋಡಿ, 53 ಗ್ರೇಡ್ ಓಪಿಸಿ ಮೂರು ದಿನಕ್ಕೆ 27, ಏಳಕ್ಕೆ 37, ಪಿಪಿಸಿ ಮೂರಕ್ಕೆ 16, ಏಳಕ್ಕೆ 22. ಕಾರಣ ಏನಂದ್ರೆ ಅದರಲ್ಲಿರೋ ಹಾರುಬೂದಿ ತಾನಾಗೇ ಗಟ್ಟಿ ಆಗಲ್ಲ, ಸಿಮೆಂಟು ನೀರಿನ ಜೊತೆ ಸೇರಿ ಸುಣ್ಣ ಬಿಡುತ್ತಲ್ಲ, ಆ ಸುಣ್ಣ ಸಿಕ್ಕಿದ ಮೇಲೇನೇ ಬೂದಿ ಅದರ ಜೊತೆ ಸೇರಿ ಅಂಟಾಗೋಕೆ ಶುರು ಮಾಡೋದು, ಅದಕ್ಕೆ ತಿಂಗಳುಗಟ್ಟಲೆ ಬೇಕು. ಹಂಗಂತ ಪಿಪಿಸಿ ಕೆಟ್ಟದ್ದಲ್ಲ, ಚೆನ್ನಾಗಿ ಕ್ಯೂರಿಂಗ್ ಮಾಡಿದ್ರೆ (ಅಂದ್ರೆ ಒದ್ದೆಯಾಗೇ ಇಟ್ರೆ) ಕೊನೆಗೆ ಒಳಗಿನ ಸಂದು ಕಮ್ಮಿಯಾಗಿ ನೀರು ಇಳಿಯೋದೂ ಕಮ್ಮಿ ಆಗುತ್ತೆ. ಮನೆಗೆ ನಾನು ಅದನ್ನೇ ಹೇಳ್ತೀನಿ, ಅವಸರ ಇರೋ ಕೆಲಸಕ್ಕಲ್ಲ.

ಈಗ ನಿಮ್ಮ ಪ್ರಶ್ನೆ. ಕಾಂಕ್ರೀಟಿನ ಮಾನಕ ಐಎಸ್ 456ರಲ್ಲಿ ಸ್ಪಾನ್ (ಆಧಾರದಿಂದ ಆಧಾರಕ್ಕೆ ದೂರ) 4.5 ಮೀಟರ್ ವರೆಗಿನ ಸ್ಲ್ಯಾಬಿಗೆ ಪ್ರಾಪ್ (ಕೆಳಗೆ ಆನಿಸಿರೋ ಸೆಂಟ್ರಿಂಗ್ ಕಂಬ) 7 ದಿನ, ಅದಕ್ಕಿಂತ ಜಾಸ್ತಿ ಇದ್ರೆ 14 ದಿನ. 4.5 ಮೀಟರ್ ಅಂದ್ರೆ ಹದಿನಾಲ್ಕೂ ಮುಕ್ಕಾಲು ಅಡಿ, ನಿಮ್ಮ ಹಾಲ್‌ನ ಸಣ್ಣ ಕಡೆನೇ 16 ಅಡಿ. ಅದೂ ಆ ಲೆಕ್ಕ ಓಪಿಸಿಗೆ, ಹವಾಮಾನ 15 ಡಿಗ್ರಿಗಿಂತ ಕೆಳಗೆ ಇಳೀದೇ ಇದ್ದಾಗ. ಪಿಪಿಸಿಗೆ ನಾನಾಗಿದ್ರೆ 21 ದಿನ ಪ್ರಾಪ್ ಬಿಡಿಸಲ್ಲ. ಬೀಳುತ್ತೆ ಅನ್ನೋ ಭಯಕ್ಕಿಂತ ಹುಬ್ಬಳ್ಳಿಯವರು ಹೇಳಿದ್ದೇ ಜಾಸ್ತಿ ಆಗೋದು, ಎಳೆ ಕಾಂಕ್ರೀಟಿಗೆ ಬಿಗಿನೂ ಕಮ್ಮಿ ಇರುತ್ತೆ, ಆಗ ಭಾರ ಬಿದ್ರೆ ಬಾಗಿದ್ದು ಬಾಗಿದಂಗೇ ಉಳ್ಕೊಳ್ಳುತ್ತೆ, ಆಮೇಲೆ ಎಷ್ಟೇ ಸ್ಟ್ರೆಂತ್ ಬಂದ್ರೂ ನೇರ ಆಗಲ್ಲ.

ಮೇಸ್ತ್ರಿ ಕೆಲಸ, ತುಮಕೂರು: ಬಿರುಕಿನ ಬಗ್ಗೆ ನಾನ್ ಹೇಳ್ತೀನಿ ಅಣ್ಣಾ. ಮಧ್ಯಾಹ್ನ ಬಿಸಿಲು, ಗಾಳಿ ಇದ್ದಾಗ ಹಾಕಿದ್ರಾ? ಮೇಲಿನ ನೀರು ಒಳಗಿಂದ ಬರೋದಕ್ಕಿಂತ ಬೇಗ ಆರಿದ್ರೆ ಕೆರೆ ಮಣ್ಣು ಒಡೆದಂಗೆ ಒಡೆಯುತ್ತೆ, ಹಾಕಿದ ದಿನಾನೇ, ಇನ್ನೂ ಹಸಿ ಇರುವಾಗಲೇ. ಬಿರುಕು ಕಂಬಿ ಹೋಗಿರೋ ಗೆರೇಲೇ ಇದ್ರೆ ಅದು ಬೇರೆ, ಕಾಂಕ್ರೀಟು ಕೂತ್ಕೊಳ್ತಾ ಕಂಬಿ ಮೇಲೆ ಒಡೆದಿರೋದು. ಸೆಟ್ ಆಗೋ ಮುಂಚೆ ಆದ್ರೆ ಇನ್ನೊಂದ್ಸಲ ಮಟ್ಟಗೋಲು ಎಳೆದು ಉಜ್ಜಿದ್ರೆ ಮುಚ್ಕೋತಿತ್ತು, ಈಗ ಸಿಮೆಂಟು ನೀರು ಕಲಸಿ ತುಂಬ್ಸಿ. ಆದ್ರೆ ಕಟ್ಟೆ ಕಟ್ಟಿ ನಿಲ್ಸಿದ ನೀರು ಕೆಳಗೆ ತೊಟ್ಟಿಕ್ತಿದ್ರೆ ಇಂಜಿನಿಯರ್‌ನ ಕರೆಸಿ ತೋರ್ಸಿ. ಇನ್ನೊಂದು, ಮೇಲೆ ನೀರು ನಿಂತಿದೆ ಅಂತ ಒಣ ಸಿಮೆಂಟು ಎರಚಿದ್ರಾ? ಸುಮಾರು ಕಡೆ ಅದೊಂದು ಚಟ, ಆಮೇಲೆ ಅದೇ ಪದರ ಪುಡಿಪುಡಿ ಏಳುತ್ತೆ.

ಮಂಗಳೂರಿನವ, ಈಗ ದುಬೈ: ಇಲ್ಲಿ ಬೇಸಿಗೆಯಲ್ಲಿ ಕಾಂಕ್ರೀಟ್ ಹಾಕುವುದು ರಾತ್ರಿ ಮಾರಾಯ್ರೇ, ಪ್ಲಾಂಟಿನಲ್ಲಿ ಒಂದಷ್ಟು ನೀರಿನ ಬದಲು ಐಸು ಹಾಕಿ ಕಲಸ್ತಾರೆ. ಬಿಸಿ ಜಾಸ್ತಿಯಾದ್ರೆ ಬೇಗ ಗಟ್ಟಿಯಾಗ್ತದೆ, ನೋಡ್ಲಿಕ್ಕೆ ಖುಷಿ, ಆದ್ರೆ 28 ದಿನದ ರಿಪೋರ್ಟ್ ಬಂದಾಗ ತಂಪಲ್ಲಿ ಹಾಕಿದ್ದಕ್ಕಿಂತ ಕಮ್ಮಿ ಉಂಟು. ಬೇಗ ಬಂದ ಸ್ಟ್ರೆಂತ್ ನೋಡಿ ಮರುಳಾಗ್ಬೇಡಿ. ನೀರು ಮಾತ್ರ ಬಿಡ್ಬೇಡಿ, ಕಾಂಕ್ರೀಟು ಒಣಗಿ ಗಟ್ಟಿಯಾಗುವುದಲ್ಲ, ಒಳಗಿನ ತೇವ ಶೇಕಡ 80ಕ್ಕಿಂತ ಕೆಳಗೆ ಹೋದ್ರೆ ಸಿಮೆಂಟಿನ ಕೆಲಸವೇ ನಿಂತ ಹಾಗೆ.

ಕೇಳ್ತಿರೋರು: ಎಲ್ರಿಗೂ ಥ್ಯಾಂಕ್ಸ್. ಬೆಳಿಗ್ಗೆ ಹಾಕಿದ್ದು, ಮಧ್ಯಾಹ್ನ ಭಾರಿ ಗಾಳಿ ಇತ್ತು, ಬಿರುಕು ಕಂಬಿ ಗೆರೇಲಿಲ್ಲ, ಕೆಳಗೆ ತೊಟ್ಟಿಕ್ತಿಲ್ಲ. ನೀರು ಎಷ್ಟು ದಿನ ನಿಲ್ಲಿಸ್ಲಿ? ಫಸ್ಟ್ ಫ್ಲೋರ್ ಗೋಡೆಗೆ ಬ್ಲಾಕ್ ಈ ವಾರ ಬರುತ್ತೆ, ಸ್ಲ್ಯಾಬ್ ಮೇಲೆ ಇಳಿಸ್ಕೋಬಹುದಾ?

ಸೈಟ್ ಇಂಜಿನಿಯರ್, ದಾವಣಗೆರೆ: ಪಿಪಿಸಿಗೆ ಕನಿಷ್ಠ 10 ದಿನ ಅಂತಿದೆ, ನಿಮ್ಮ ಕಡೆ ಬಿಸಿಲಿಗೆ 14 ದಿನ ನೀರು ನಿಲ್ಸಿ. ದಿನಕ್ಕೆರಡು ಸಲ ಪೈಪ್ ಹಿಡಿದು ಹೋದ್ರೆ ಅದು ಕ್ಯೂರಿಂಗ್ ಅಲ್ಲ, ನಡುವೆ ಒಣಗ್ಲೇಬಾರ್ದು. ಬೀಮ್ ಪಕ್ಕ ಗೋಣಿಚೀಲ ಇಳಿಬಿಟ್ಟು ಒದ್ದೆ ಇಡಿ, ಎಲ್ರೂ ಮರೆಯೋ ಜಾಗ ಅದು. ಬ್ಲಾಕ್ ಕೆಳಗೆ ರಸ್ತೆ ಪಕ್ಕ ಇಳಿಸ್ಕೊಳ್ಳಿ, ಕೂಲಿ ಎರಡು ಸಲ ಆದ್ರೂ ಪರವಾಗಿಲ್ಲ, ಎಳೆ ಸ್ಲ್ಯಾಬಿನ ನಡುವೆ ಲೋಡ್‌ಗಟ್ಟಲೆ ಬ್ಲಾಕ್ ಪೇರಿಸೋದು ಪ್ರಾಪ್ ಬಿಡಿಸೋದಕ್ಕಿಂತ ಕೆಟ್ಟ ಕೆಲಸ.

ಸೆಂಟ್ರಿಂಗ್‌ನೋನ ಜೊತೆ ಜಗಳ ಬೇಡ, ಬೀಮಿನ ಪಕ್ಕದ ಹಲಗೆ, ಕಾಲಮ್ ಶೀಟು ಒಂದು ದಿನ ಆದ್ಮೇಲೆ ತೆಗೀಬಹುದು, ಅದನ್ನ ಕೊಟ್ಟು ಕಳ್ಸಿ. ಕೊನೆಗೆ ಹಾಲ್ ಬಿಚ್ಚುವಾಗ ನಡುವಿನ ಪ್ರಾಪ್‌ನಿಂದ ಶುರು ಮಾಡಿ ಗೋಡೆ ಕಡೆಗೆ ಬರ್ಲಿ, ಸಜ್ಜಾ ಪೋರ್ಟಿಕೋ ಚಾಚಿದ್ರೆ ಹೊರಗಿನ ತುದಿಯಿಂದ ಒಳಗೆ. ಉಲ್ಟಾ ಮಾಡಿದ್ರೆ ಲೆಕ್ಕದಲ್ಲಿಲ್ಲದ ಕಡೆ ಭಾರ ಬಿದ್ದು ಮೇಲೆ ಕಂಬಿ ಇಲ್ಲದ ಜಾಗ ಬಿರಿಯುತ್ತೆ.