ಮೊದಲು ರೀಫಿಲ್ ಸಿಗುತ್ತಾ ನೋಡು, ಆಮೇಲೆ ಪೆನ್ನು ತಗೋ

ಅಕ್ಕ, ಸ್ವಲ್ಪ ಉದ್ದ ಆಗುತ್ತೆ, ಕೆಲಸ ಮಾಡ್ತಾನೇ ಕೇಳಿಸ್ಕೋ. ಸಿರಿ ಡ್ರಾಯರಲ್ಲಿ ಸಿಕ್ಕ ಖಾಲಿ ಯೂಸ್ ಅಂಡ್ ಥ್ರೋ ಪೆನ್ನುಗಳ ಫೋಟೋ ಹಾಕಿ, ಸೆಕೆಂಡ್ ಪಿಯುಸಿ ಪೂರ್ತಿ ಹೀಗೇ ಎಸೀತಾ ಇರ್ಬೇಕಾ, ಇಂಕ್ ಪೆನ್ ಕೊಡಿಸ್ಲಾ ಅಂತ ಕೇಳಿದೀಯ. ಭಾವ ಅದರ ಕೆಳಗೇ, ಐದು ರೂಪಾಯಿ ಪೆನ್ನಿಗೆ ರೀಫಿಲ್ ಹುಡುಕ್ಕೊಂಡು ಯಾರು ಅಲೀತಾರೆ ಅಂತ ಹಾಕಿದಾರೆ. ಅತ್ತೆಗೆ ಮಾವನ ಹಳೇ ಹೀರೋ ಕಂಪನಿ ಇಂಕ್ ಪೆನ್ನು ಮತ್ತೆ ಬರೆಯುತ್ತಾ ಅನ್ನೋ ಚಿಂತೆ. ಮೂರಕ್ಕೂ ಹೇಳ್ತೀನಿ.

ಭಾವ, ನೀವು ಹೇಳೋದು ದುಡ್ಡಿನ ಲೆಕ್ಕದಲ್ಲಿ ಸರಿಯೇ. ಐದು ರೂಪಾಯಿ ಪೆನ್ನಿಗೆ ರೀಫಿಲ್ ಹಾಕಿದ್ರೆ ಉಳಿಯೋದು ಒಂದೆರಡು ರೂಪಾಯಿ. ಆದ್ರೆ ಎಸೆಯೋ ಪೆನ್ನಲ್ಲಿ ಖಾಲಿಯಾಗಿರೋದು ಒಳಗಿನ ಕಡ್ಡಿ ಮಾತ್ರ. ತೂಕದಲ್ಲಿ ಹೆಚ್ಚಿನ ಪಾಲು ಮೈ, ಕ್ಯಾಪು, ಕ್ಲಿಪ್ಪು, ಅವೆಲ್ಲ ಹೊಸದರ ಹಾಗೇ ಇರುತ್ವೆ. ಹಾಗಂತ ಗುಜರಿಯವನೂ ತಗೊಳ್ಳಲ್ಲ. ಮೈ ಒಂದು ಜಾತಿ ಪ್ಲಾಸ್ಟಿಕ್, ಕ್ಯಾಪು ಇನ್ನೊಂದು, ಮೊನೆ ಹಿತ್ತಾಳೆ, ಅದರ ತುದೀಲಿ ಸಾಸಿವೆಗಿಂತ ಸಣ್ಣ ಟಂಗ್‌ಸ್ಟನ್ ಕಾರ್ಬೈಡ್ ಗುಂಡು, ಒಳಗೆ ಅಂಟಿದ ಇಂಕು. ಇದನ್ನ ಬಿಡಿಸ್ತಾ ಯಾರು ಕೂರ್ತಾರೆ? 2022ರ ಜುಲೈ 1ರಿಂದ ಸ್ಟ್ರಾ, ತಟ್ಟೆ, ಲೋಟ ಎಲ್ಲ ನಿಷೇಧ ಆಯ್ತಲ್ಲ, ಆ ಪಟ್ಟೀಲೂ ಪೆನ್ನಿಲ್ಲ. ಹಾಗಾಗಿ ಕಮ್ಮಿ ಎಸೆಯೋದು ನಮ್ಮ ಕೈಯಲ್ಲೇ ಇರೋದು.

ಅಕ್ಕ, ಎಲ್ಲರೂ ಎಡವೋದು ಎಲ್ಲಿ ಗೊತ್ತಾ? ಪೆನ್ನು ಚೆನ್ನಾಗಿದೆ ಅಂತ ತಗೋತಾರೆ, ಎರಡು ತಿಂಗಳಾದ್ಮೇಲೆ ರೀಫಿಲ್ ಕೇಳಿದ್ರೆ ಅಂಗಡಿಯವರು ಇಲ್ಲ ಅಂತಾರೆ, ಅಲ್ಲಿಗೆ ಅದೂ ಯೂಸ್ ಅಂಡ್ ಥ್ರೋ ಆಯ್ತು. ಉಲ್ಟಾ ಮಾಡು. ನಿಮ್ಮ ಕಾಲೇಜ್ ರಸ್ತೆ ಸ್ಟೇಷನರಿ ಅಂಗಡೀಲಿ ಯಾವ ರೀಫಿಲ್ ಡಜನ್ ಲೆಕ್ಕದಲ್ಲಿ ತೂಗ್ಹಾಕಿರ್ತಾರೆ ಅಂತ ಮೊದಲು ಕೇಳು, ಅದು ಕೂರೋ ಪೆನ್ನು ತಗೋ. ರೆನಾಲ್ಡ್ಸ್ 045 ಥರದ ಸಾದಾ ಪೆನ್ನು ಇವತ್ತಿಗೂ ಓಡ್ತಿರೋದಕ್ಕೆ ಇದೂ ಒಂದು ಕಾರಣ. ಸ್ವಲ್ಪ ಖರ್ಚು ಮಾಡೋದಾದ್ರೆ ಪಾರ್ಕರ್ ಅಳತೆ ರೀಫಿಲ್ ಹಾಕೋ ಪೆನ್ನು. ಸುಮಾರು 98 ಮಿಲಿಮೀಟರ್ ಉದ್ದ, ದಪ್ಪ ಕಡ್ಡಿ. ಪಾರ್ಕರ್ ಕಂಪನಿಯ ಜಾಟರ್ ಅನ್ನೋ ಬಾಲ್ ಪೆನ್ನು 1954ರಲ್ಲಿ ಬಂದಿದ್ದು, ಈಗ ಆ ಅಳತೇಲೇ ಬೇರೆ ಬೇರೆ ಕಂಪನಿಗಳ ರೀಫಿಲ್ ಸಿಗುತ್ತೆ, ಒಂದೇ ಕಂಪನಿ ನಂಬ್ಕೊಂಡು ಕೂರಬೇಕಿಲ್ಲ.

ರೀಫಿಲ್ ತರೋಕೆ ಹೋಗೋವಾಗ ಖಾಲಿ ಕಡ್ಡಿ ಕೈಲಿ ಹಿಡ್ಕೊಂಡೇ ಹೋಗು. ಮೂರು ನೋಡ್ಬೇಕು: ಒಟ್ಟು ಉದ್ದ, ಕೊಳವೆ ದಪ್ಪ, ಆಮೇಲೆ ಮೊನೆ ಹಿಂದಿನ ಭುಜ, ಅಂದ್ರೆ ಕೊಳವೆ ಸಣ್ಣಗಾಗಿ ಮೊನೆ ಶುರುವಾಗೋ ಜಾಗ. ಭುಜ ಬೇರೆ ಇದ್ರೆ ಮೊನೆ ತೂತಲ್ಲಿ ಆಡುತ್ತೆ, ಬರೆಯೋವಾಗ ಟಕ್ ಟಕ್ ಅನ್ನುತ್ತೆ, ಇಲ್ಲಾ ಮೊನೆ ಹೊರಗೇ ಬರಲ್ಲ. ಬಾಲ್ ಪೆನ್ನಿನ ಪ್ಲಾಸ್ಟಿಕ್ ಕಡ್ಡಿ ಎರಡು ಮೂರು ಮಿಲಿಮೀಟರ್ ಉದ್ದ ಆದ್ರೆ, ಹಿಂದೆ ಇಂಕಿಲ್ಲದ ಖಾಲಿ ಬಾಲವನ್ನ ಬ್ಲೇಡಲ್ಲಿ ಕತ್ತರಿಸಬಹುದು. ಗಿಡ್ಡ ಆದ್ರೆ ಹಿಂದೆ ಕಾಗದದ ಚೂರು ತುರುಕ್ತಾರಲ್ಲ, ಅದು ಕೊಳವೆ ಬಾಯಿ ಮುಚ್ಚದ ಹಾಗಿರಲಿ. ಹಿಂದಿನಿಂದ ಗಾಳಿ ಹೋಗದಿದ್ರೆ ಇಂಕು ಮುಂದೆ ಸರಿಯಲ್ಲ, ಅರ್ಧ ಪುಟಕ್ಕೇ ನಿಂತೋಗುತ್ತೆ, ನಾವು ರೀಫಿಲ್ ಕೆಟ್ಟಿದೆ ಅಂತ ಎಸೀತೀವಿ. ಜೆಲ್ ರೀಫಿಲ್‌ಗೆ ಮಾತ್ರ ಬ್ಲೇಡ್ ಬೇಡ. ಅದರ ಇಂಕಿನ ಹಿಂದೆ ಗ್ರೀಸ್ ಥರ ಒಂದು ತುಣುಕು ಇರುತ್ತೆ ನೋಡು, ಅದೇ ಇಂಕು ಒಣಗದ ಹಾಗೆ, ಹಿಂದಕ್ಕೆ ಸೋರದ ಹಾಗೆ ಕಾಯೋದು.

ಸಿರಿ ಬರೆಯೋದು ಜೆಲ್ಲಲ್ಲೇ ಅಲ್ವಾ? ಫೋಟೋದಲ್ಲಿ ಹೆಚ್ಚು ಅವೇ ಕಾಣ್ತಿವೆ. ಜೆಲ್ ನೀರಿನ ಇಂಕು, ಬಾಲ್ ಪೆನ್ನಿಂದು ಎಣ್ಣೆ ಜಾತಿಯ ಗಟ್ಟಿ ಇಂಕು. ಜೆಲ್ ಧಾರಾಳವಾಗಿ ಇಳಿಯುತ್ತೆ, ಅದಕ್ಕೇ ಬಾಲ್ ರೀಫಿಲ್ಲಿನ ಅರ್ಧ ದೂರಾನೂ ಓಡಲ್ಲ. ನೋಟ್ಸ್ ಜಾಸ್ತಿ ಬರೆಯೋರು ಜೆಲ್ ಯೂಸ್ ಅಂಡ್ ಥ್ರೋ ಹಿಡಿದ್ರೆ ರಾಶಿ ಬೀಳದೆ ಏನಾಗುತ್ತೆ. ಜೆಲ್ಲೇ ಬೇಕು ಅಂದ್ರೆ ರೀಫಿಲ್ ಸಿಗೋದನ್ನೇ ಕೊಡಿಸು, ಕ್ಯಾಪು ಹಾಕಿಡೋಕೆ ಹೇಳು, ಮೊನೆ ಕೆಳಗೆ ಮಾಡಿ ಬೀಳಿಸಬೇಡ ಅನ್ನು. ಒಂದು ಸಲ ಮೊನೆ ನೆಗ್ಗಿದ್ರೆ ಅರ್ಧ ಇಂಕಿದ್ರೂ ಬರೆಯಲ್ಲ. ಬಾಲ್ ಪೆನ್ನು ನಿಂತ್ರೆ ಬೆಂಕಿಕಡ್ಡಿ ಹಚ್ಚೋದು ಬೇಡ, ಕೊಳವೆ ಸೊಟ್ಟಗಾಗುತ್ತೆ. ರಬ್ಬರ್ ಮೇಲೋ ಚಪ್ಪಲಿ ಅಟ್ಟೆ ಮೇಲೋ ಒಂದೆರಡು ಸುತ್ತು ತಿರುಗಿಸಿದ್ರೆ ಗುಂಡು ಬಿಟ್ಕೊಳ್ಳುತ್ತೆ. ಕೈಗೆ ಹಚ್ಚಿದ ಎಣ್ಣೆ ಕಾಗದಕ್ಕೆ ಹತ್ತಿದ್ರೂ ಆ ಜಾಗದಲ್ಲಿ ಪೆನ್ನು ಜಾರುತ್ತೆ, ಅದು ಪೆನ್ನಿನ ತಪ್ಪಲ್ಲ.

ಈಗ ಇಂಕ್ ಪೆನ್. ಲೆಕ್ಕ ನೋಡು, 60 ಎಂಎಲ್ ಬಾಟ್ಲಿ, ಕ್ಯಾಮ್ಲಿನ್ ಇರ್ಬಹುದು, ನಮ್ಮ ಬೆಂಗಳೂರಿನ ಬ್ರಿಲ್ ಇರ್ಬಹುದು. ಪೆನ್ನಿಗೆ ಒಂದು ಸಲಕ್ಕೆ ಮುಕ್ಕಾಲು ಎಂಎಲ್ ಹಿಡಿಯುತ್ತೆ ಅಂದ್ಕೋ, ಒರೆಸಿದ್ದು ಚೆಲ್ಲಿದ್ದು ಕಳೆದ್ರೂ ಎಪ್ಪತ್ತು ಎಪ್ಪತ್ತೈದು ಸಲ ತುಂಬಬಹುದು. ಎಸೆಯೋಕೆ ಉಳಿಯೋದು ಒಂದು ಬಾಟ್ಲಿ ಅಷ್ಟೇ. ಬಾಲ್ ರೀಫಿಲ್ಲಲ್ಲಿ ಕಡ್ಡಿನಾದ್ರೂ ಕಸಕ್ಕೆ ಹೋಗುತ್ತೆ.

ಆದ್ರೆ ಎರಡು ನೋಡ್ಕೊಂಡು ಕೊಡಿಸು. ಒಂದು, ಅವಳ ಕೈ. ಬಾಲ್ ಪೆನ್ನು ಒತ್ತಿ ಅಭ್ಯಾಸ ಆದೋರು ನಿಬ್ಬನ್ನೂ ಹಾಗೇ ಒತ್ತಿದ್ರೆ ಸೀಳು ಅಗಲ ಆಗಿ, ಇಂಕು ತುದಿಗೇ ಬರಲ್ಲ. ಪೆನ್ನು ಸ್ವಲ್ಪ ಮಲಗಿಸಿ, ಭಾರ ಬಿಡದೆ ಬರೀಬೇಕು. ಎರಡು, ನೋಟ್‌ಬುಕ್ಕು. ಕೊನೇ ಪುಟದಲ್ಲಿ ಒಂದು ಸಾಲು ಬರೆದು ನೋಡಿ. ಅಕ್ಷರದ ಅಂಚು ಕೂದಲು ಬಿಟ್ಟ ಹಾಗೆ ಹರಡಿದ್ರೆ, ಹಿಂದಿನ ಪುಟಕ್ಕೆ ಇಳಿದ್ರೆ ಆ ಕಾಗದಕ್ಕೆ ದಪ್ಪ ನಿಬ್ ಆಗಲ್ಲ, ಫೈನ್ ನಿಬ್ಬೇ ತಗೋ. ಸಿಇಟಿ ಓಎಂಆರ್ ಶೀಟ್‌ಗೆ ನೀಲಿ ಇಲ್ಲಾ ಕಪ್ಪು ಬಾಲ್ ಪೆನ್ನೇ ಬೇಕು, ಅದರಲ್ಲಿ ಪ್ರಯೋಗ ಬೇಡ. ನೋಟ್ಸ್‌ಗೆ ಇಂಕು, ಪರೀಕ್ಷೆಗೆ ರೀಫಿಲ್ ಬಾಲ್ ಪೆನ್ನು, ನನ್ನ ಕೇಳಿದ್ರೆ ಅವಳಿಗೆ ಈ ಜೋಡಿ ಸಾಕು.

ಇಂಕು ರಾಯಲ್ ಬ್ಲೂ ತಗೋ, ಯೂನಿಫಾರ್ಮಿಗೆ ಬಿದ್ರೆ ತೊಳೆದ್ರೆ ಹೋಗುತ್ತೆ. ಅದೇ ಕಾರಣಕ್ಕೆ ಭಾವ ಅದರಲ್ಲಿ ಚೆಕ್ ಬರೆಯೋ ಹಾಗಿಲ್ಲ. ಡ್ರಾಯಿಂಗ್ ಇಂಕು, ಸ್ಟಾಂಪ್ ಪ್ಯಾಡ್ ಇಂಕು ಯಾವತ್ತೂ ಹಾಕ್ಬಾರ್ದು, ಡ್ರಾಯಿಂಗ್ ಇಂಕಲ್ಲಿ ಅರಗು ಇರುತ್ತೆ, ಒಣಗಿದ್ರೆ ಪೆನ್ನು ಕಥೆ ಮುಗೀತು. ಎರಡು ಕಂಪನಿ ಇಂಕು ಬೆರೆಸೋದೂ ಬೇಡ. ಬಾಟ್ಲೀಲಿ ಬಿಳೀ ದಾರದ ಥರ ಬೂಸ್ಟು ಕಂಡ್ರೆ ಬಾಟ್ಲಿ ಸಮೇತ ಎಸೆದುಬಿಡು. ಫಿಲ್ಲರ್‌ನಿಂದ ನೇರ ಮೈಗೇ ಇಂಕು ತುಂಬೋ ಪೆನ್ನು ಕೊಡಿಸಿದ್ರೆ, ಮೂರನೇ ಒಂದು ಭಾಗಕ್ಕೆ ಇಳಿಯೋ ಮೊದಲೇ ಮತ್ತೆ ತುಂಬಿಸ್ಬೇಕು. ಒಳಗೆ ಗಾಳಿ ಜಾಸ್ತಿಯಾಗಿ, ಕೈ ಬಿಸಿಗೆ ಅದು ಹಿಗ್ಗಿ ಇಂಕನ್ನ ನಿಬ್ಬಿಗೆ ತಳ್ಳುತ್ತೆ, ಪುಟದ ಮೇಲೆ ಬೊಟ್ಟು ಬೀಳುತ್ತೆ. ತಿರುಪಿಗೆ ಒಂಚೂರು ಸಿಲಿಕಾನ್ ಗ್ರೀಸ್ ಸವರಿದ್ರೆ ಅಲ್ಲಿಂದ ಸೋರಲ್ಲ.

ಅತ್ತೆ, ನಿಮ್ಮ ಹೀರೋ ಪೆನ್ನು. ಹಿಂದಿನ ಭಾಗ ತಿರುಗಿಸಿ ಬಿಚ್ಚಿ, ಒಳಗೆ ತಗಡಿನ ಕವಚ, ಅದರಲ್ಲಿ ಒತ್ತೋ ಪಟ್ಟಿ, ಪಟ್ಟಿ ಕೆಳಗೆ ರಬ್ಬರ್ ಚೀಲ ಇರುತ್ತೆ. ಒಂದು ಲೋಟ ಉಗುರುಬೆಚ್ಚಗಿನ ನೀರಲ್ಲಿ ಮುಂಭಾಗ ಅದ್ದಿ ಪಟ್ಟಿ ಒತ್ತಿ. ಗುಳ್ಳೆ ಬಂದ್ರೆ, ಬಿಟ್ಟಾಗ ನೀರು ಎಳ್ಕೊಂಡ್ರೆ ಚೀಲ ಚೆನ್ನಾಗಿದೆ. ಏನೂ ಬರದಿದ್ರೆ ತಕ್ಷಣ ಹರಿದಿದೆ ಅನ್ಕೋಬೇಡಿ, ಒಣಗಿದ ಇಂಕು ದಾರಿ ಕಟ್ಟಿರಬಹುದು. ನಿಬ್ಬು ಮುಳುಗೋಷ್ಟು ನೀರಲ್ಲಿ ರಾತ್ರಿಯಿಡೀ ನಿಲ್ಲಿಸಿ, ಬೆಳಗ್ಗೆ ಹೊಸ ನೀರಲ್ಲಿ ಹತ್ತು ಹದಿನೈದು ಸಲ ಒತ್ತಿ ಬಿಡಿ, ನೀಲಿ ಬರೋದು ನಿಲ್ಲೋವರೆಗೆ ನೀರು ಬದಲಾಯಿಸ್ತಾ ಇರಿ. ಹಠ ಮಾಡಿದ್ರೆ ಲೋಟಕ್ಕೆ ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ಡು. ಕುದಿಯೋ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತೆ. ಸ್ಪಿರಿಟ್ಟು, ನೇಲ್ ಪಾಲಿಶ್ ರಿಮೂವರ್ ಅಂತೂ ಮುಟ್ಟಿಸ್ಲೇಬೇಡಿ. ನಿಮ್ಮಲ್ಲಿ ಬೋರ್‌ವೆಲ್ ನೀರಲ್ವಾ, ಕೊನೇ ಸಲ ಫಿಲ್ಟರ್ ನೀರಲ್ಲಿ ತೊಳೀರಿ, ಇಲ್ಲಾಂದ್ರೆ ಉಪ್ಪು ಕೂರುತ್ತೆ. ಆಮೇಲೆ ನಿಬ್ಬು ಕೆಳಗೆ ಮಾಡಿ ಹತ್ತಿ ಬಟ್ಟೆ ಮೇಲೆ ಒಂದು ರಾತ್ರಿ ನಿಲ್ಲಿಸಿ.

ತುಂಬಿಸೋವಾಗ ಮುಂಭಾಗದ ಅಂಚಿನವರೆಗೂ ಇಂಕಲ್ಲಿ ಮುಳುಗಿರಲಿ. ಒತ್ತಿ, ಬಿಟ್ಟು, ಐದು ಎಣಿಸಿ, ಮತ್ತೆ ಒತ್ತಿ, ಹೀಗೆ ನಾಲ್ಕೈದು ಸಲ. ಕೊನೇಲಿ ಎರಡು ಮೂರು ಹನಿ ಬಾಟ್ಲಿಗೇ ಬಿಟ್ಟು ಒರೆಸಿಕೊಳ್ಳಿ, ಇಲ್ಲಾಂದ್ರೆ ಮೊದಲ ಸಾಲಿಗೇ ಬೊಟ್ಟು ಬೀಳುತ್ತೆ. ರಾತ್ರಿ ನೆನೆಸಿದ್ಮೇಲೂ ಗುಳ್ಳೆ ಬರಲಿಲ್ಲ, ಅಥವಾ ಚೀಲ ಅಂಟಂಟಾಗಿದೆ ಅಂದ್ರೆ ಎಳೆಯೋಕೆ ಹೋಗ್ಬೇಡಿ, ಬಿಚ್ಚಿದ ಹಾಗೇ ಫೋಟೋ ತೆಗೆದು ಇಲ್ಲೇ ಹಾಕಿ, ಚೀಲದ ಅಳತೆ ನೋಡಿ ಹೇಳ್ತೀನಿ.