ಹಳೇ ಸಂಗೀತ ನಾಟಕ ಮತ್ತೆ ಆಡುತ್ತಿದ್ದೇವೆ, ಹಾಡು ಕತ್ತರಿಸಬೇಕಾ? ಅನುಭವ ಇದ್ದವರು ಹೇಳಿ

ಕಾರವಾರದಿಂದ ಪ್ರಶ್ನೆ

ನಮ್ಮದು ಕಾರವಾರದ ಸಣ್ಣ ಹವ್ಯಾಸಿ ತಂಡ. ಬ್ಯಾಂಕು, ಶಾಲೆ, ಬಂದರು ಅಂತ ಬೇರೆ ಬೇರೆ ಕಡೆ ಕೆಲಸ ಮಾಡುವವರು. ಈ ಸಲ ಧೈರ್ಯ ಮಾಡಿ ಗುಬ್ಬಿ ಕಂಪನಿಯ ಹೆಸರಾಂತ 'ಸದಾರಮೆ' ಎತ್ತಿಕೊಂಡೆವು. ಬೆಳ್ಳಾವೆ ನರಹರಿ ಶಾಸ್ತ್ರಿಗಳ ನಾಟಕ. ಹಳೇ ಮಟ್ಟುಗಳನ್ನೇ ಇಟ್ಟುಕೊಂಡಿದ್ದೇವೆ. ಹಾರ್ಮೋನಿಯಂ, ತಬಲಾ, ಪಾತ್ರಧಾರಿಗಳದ್ದೇ ಹಾಡಿಕೆ.

ಮೊದಲ ಪ್ರದರ್ಶನ ಆಯಿತು. ಮೂರು ಗಂಟೆ ದಾಟಿತು. ವಯಸ್ಸಾದವರು ಬಣ್ಣದ ಕೋಣೆಗೇ ಬಂದು ಕೈ ಹಿಡಿದು ಮಾತಾಡಿಸಿದರು. ಕಾಲೇಜು ಹುಡುಗರು ಮಾತ್ರ ಮಧ್ಯಂತರದ ಹೊತ್ತಿಗೆ ಅರ್ಧಕ್ಕರ್ಧ ಜಾಗ ಖಾಲಿ ಮಾಡಿದ್ದರು. ಪತ್ರಿಕೆಯಲ್ಲಿ ಬಂದ ವಿಮರ್ಶೆಯ ಸಾರ ಇಷ್ಟು: ಹಾಡು ಜಾಸ್ತಿ, ಓಟ ಕಮ್ಮಿ, ಈ ಕಾಲಕ್ಕೆ ಇದು ಏನು ಹೇಳುತ್ತದೆ ಅಂತ ಗೊತ್ತಾಗುವುದಿಲ್ಲ. ಮುಂದಿನ ಪ್ರದರ್ಶನ ಶಿರಸಿಯಲ್ಲಿ. ತಂಡದಲ್ಲಿ ಅರ್ಧ ಜನ ಹಾಡಿಗೆ ಕತ್ತರಿ ಹಾಕೋಣ ಅನ್ನುತ್ತಿದ್ದಾರೆ, ಉಳಿದವರು ಮುನಿಸಿಕೊಂಡಿದ್ದಾರೆ. ಇಂಥದ್ದನ್ನು ಆಡಿದವರು, ನೋಡಿದವರು, ಬರೆದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಶಿರಸಿಯಿಂದ

ಹಾಡಿಗೆ ಕೈ ಹಚ್ಚಬೇಡಿ. ಹಚ್ಚಲೇಬೇಕು ಅಂತಾದರೆ ಕಟ್ಟಕಡೆಗೆ ಹಚ್ಚಿ.

ನಮ್ಮ ಕಡೆಯ ಒಂದು ತಂಡ ಕೆಲವು ವರ್ಷಗಳ ಹಿಂದೆ ಇಂಥದೇ ಹಳೇ ಕಂಪನಿ ನಾಟಕ ಆಡಿತು. ನಾನು ಹಾರ್ಮೋನಿಯಂ ಪೆಟ್ಟಿಗೆ ಬಾರಿಸುವವ. ರಂಗದ ಪಕ್ಕ ಕೂತವನಿಗೆ ನಟರೂ ಕಾಣುತ್ತಾರೆ, ಎದುರು ಕೂತವರೂ ಕಾಣುತ್ತಾರೆ. ಮೊದಲ ಆಟದ ನಂತರ ಬಂದ ದೂರು ನಿಮ್ಮದೇ, ಹಾಡು ಉದ್ದ ಆಯಿತು ಅಂತ. ಆದರೆ ನನಗೆ ಕಂಡದ್ದೇ ಬೇರೆ. ನಾಯಕಿ ಒಬ್ಬಳೇ ನಿಂತು ಹಾಡಿದಾಗ ಒಬ್ಬರೂ ಅಲ್ಲಾಡಿರಲಿಲ್ಲ, ಇಡೀ ನಾಟಕದಲ್ಲಿ ಅದೇ ಎಲ್ಲಕ್ಕಿಂತ ಉದ್ದದ ಹಾಡು. ಜನ ಮೈ ಮುರಿದದ್ದು, ಮೊಬೈಲ್ ತೆಗೆದದ್ದು ರಾಜನ ದರ್ಬಾರಿನಲ್ಲಿ. ರಾಜ ಹಾಡುತ್ತಿದ್ದಾನೆ. ಪಕ್ಕದಲ್ಲಿ ರಾಣಿ, ಮಂತ್ರಿ, ಸೇವಕ ಮೂವರೂ ಸುಮ್ನೆ ಕೈಕಟ್ಟಿಕೊಂಡು, ಯಾವಾಗ ಮುಗಿಯುತ್ತದೋ ಅಂತ ನಿಂತಿದ್ದಾರೆ. ಸೇವಕನ ಪಾತ್ರದವ ಒಂದು ಸಲ ಗೋಡೆ ಗಡಿಯಾರ ನೋಡಿದ, ದೇವರಾಣೆ! ನಟರಿಗೇ ಬೇಜಾರು ಬಂದಮೇಲೆ ನೋಡುವವರಿಗೆ ಬರದೇ ಇರುತ್ತದಾ?

ನಿರ್ದೇಶಕರು ಒಂದು ಸಾಲೂ ಬಿಡಲಿಲ್ಲ. ಸೇವಕನ ಕೈಗೆ ಕವಳದ ತಟ್ಟೆ ಕೊಟ್ಟರು. ಪಲ್ಲವಿ ಶುರುವಾದಾಗ ಅವನು ಅಡಿಕೆ ಹೋಳು ಮಾಡಬೇಕು, ಎಲೆಗೆ ಸುಣ್ಣ ಹಚ್ಚಬೇಕು, ಎರಡನೇ ಚರಣಕ್ಕೆ ಸರಿಯಾಗಿ ರಾಜನ ಮುಂದೆ ಹಿಡಿಯಬೇಕು. ರಾಜ ತಾನ್ ಮಧ್ಯದಲ್ಲೇ ಕೈಯಾಡಿಸಿ ಬೇಡ ಅನ್ನಬೇಕು. ಕೊನೆಗೆ ಆ ಕವಳ ಮಂತ್ರಿಯ ಬಾಯಿಗೆ. ಶಿರಸಿ ಸೀಮೆಯಲ್ಲಿ ಅಡಿಕೆ ಹೋಳು ಮಾಡುವ ನಟನೆ ಮಾಡಿದರೆ ನಡೆಯುವುದಿಲ್ಲ, ಮಕ್ಕಳೂ ಹಿಡಿದುಬಿಡುತ್ತವೆ. ಹಾಗಾಗಿ ಹುಡುಗ ಮನೆಯಲ್ಲಿ ಅಡಕತ್ತರಿ ಹಿಡಿದು ತಾಳಕ್ಕೆ ಸರಿಯಾಗಿ ಕತ್ತರಿಸುವುದನ್ನು ಕಲಿತ. ಮುಂದಿನ ಆಟದಲ್ಲಿ ಅದೇ ಹಾಡಿಗೆ ನಗು ಬಂತು, ಕಡೆಗೆ ಚಪ್ಪಾಳೆಯೂ ಬಂತು. 'ಹಾಡು ಕಮ್ಮಿ ಮಾಡಿದ್ದು ಒಳ್ಳೇದಾಯ್ತು' ಅಂತ ಇಬ್ಬರು ಮೂವರು ಬಂದು ಹೇಳಿದರು. ಒಂದು ಸೆಕೆಂಡೂ ಕಮ್ಮಿ ಆಗಿರಲಿಲ್ಲ.

ಸಮಯ ಉಳಿಸಬೇಕಾ? ಪರದೆ ಬದಲಿಸುವಾಗ ಆಗುವ ಕತ್ತಲನ್ನು ಕಮ್ಮಿ ಮಾಡಿ. ನಾಟಕಕ್ಕೆ ಮುಂಚಿನ ಸಭೆ, ಸನ್ಮಾನ, ಹಾರ, ವಂದನಾರ್ಪಣೆ ಎಲ್ಲ ಸೇರಿ ಎಷ್ಟು ಹೊತ್ತು ತಿಂದವು ಅಂತ ಲೆಕ್ಕ ಹಾಕಿ. ಪ್ರೇಕ್ಷಕರು ದಣಿದು ಕೂತಮೇಲೆ ನಿಮ್ಮ ನಾಂದಿ ಶುರುವಾಗಿರುತ್ತದೆ, ಬೈಗುಳ ಮಾತ್ರ ಹಾಡಿಗೆ.

ಅಂಕೋಲಾದಿಂದ

ಹುಡುಗರು ಮಧ್ಯಂತರದಲ್ಲಿ ಎದ್ದು ಹೋದರು ಅಂದಿರಿ. ಕೊನೇ ಬಸ್ಸು ಎಷ್ಟು ಗಂಟೆಗಿತ್ತು ಅಂತ ನೋಡಿದಿರಾ? ನನ್ನ ತಂಗಿ ಮಗಳು ಅಲ್ಲಿದ್ದಳು. ಹಾಸ್ಟೆಲ್ ಗೇಟು ಹಾಕುತ್ತಾರೆ ಅಂತ ಓಡಿದ್ದು, ನಾಟಕ ಸೇರದೆ ಅಲ್ಲ. ನಾಟಕದಲ್ಲಿ ಕಳ್ಳನ ಪಾತ್ರ ಬರುವವರೆಗೆ ಇರಬೇಕಿತ್ತು ಅಂತ ಈಗಲೂ ಗೊಣಗುತ್ತಾಳೆ. ಶಿರಸಿಯಲ್ಲಿ ಆರಕ್ಕೆ ಶುರು ಮಾಡಿ.

ಹೊನ್ನಾವರದಿಂದ

ನಮ್ಮ ಯಕ್ಷಗಾನದವರು ಈ ಜಗಳ ಎಂದೋ ಆಡಿ ಮುಗಿಸಿದ್ದಾರೆ ಮಾರಾಯ್ರೆ. ಮುಗಿಸಿದ್ದಾರೆ ಅಂದೆನಾ? ಇನ್ನೂ ನಡೆಯುತ್ತಾ ಇದೆ. ಬೆಳಗಿನ ತನಕ ನಡೆಯುತ್ತಿದ್ದ ಆಟ ಕಾಲಮಿತಿಗೆ ಇಳಿದಾಗ ಹಳಬರು ಪ್ರಾಣ ಹೋದ ಹಾಗೆ ಮಾಡಿದರು. ಹೊಸಬರು ಬಂದರು, ಅದೂ ನಿಜ. ನಾನು ಎರಡನ್ನೂ ನೋಡಿದವ. ಕಾಲಮಿತಿಯಲ್ಲಿ ಎರಡು ಥರ ಇದೆ. ಪದ್ಯ ಹಾರಿಸಿ ಮಾತು ಉಳಿಸಿಕೊಂಡ ಆಟ ಒಂದು. ಮಾತು ಬಿಗಿ ಮಾಡಿ ಪದ್ಯಕ್ಕೆ ಜಾಗ ಕೊಟ್ಟ ಆಟ ಇನ್ನೊಂದು. ಮೊದಲನೆಯದಕ್ಕೆ ಜನ ನಗುತ್ತಾರೆ, ಮನೆಗೆ ಹೋಗುತ್ತಾರೆ. ಎರಡನೆಯದರ ಬಗ್ಗೆ ಮಾರನೇ ದಿನ ಚಾದಂಗಡಿಯಲ್ಲಿ ವಾದ ನಡೆಯುತ್ತದೆ. ಗುಣವಂತೆಯ ಕೆರೆಮನೆಯವರ ಇಡಗುಂಜಿ ಮೇಳ 1934ರಲ್ಲಿ ಶುರುವಾದದ್ದು. ಅವರ ಒಂದು ಆಟಕ್ಕೆ ನಿಮ್ಮ ತಂಡದವರನ್ನೆಲ್ಲ ಕರೆದುಕೊಂಡು ಹೋಗಿ. ಭಾಗವತರು ಪದ್ಯ ಹೇಳುವಾಗ ಎದುರು ಪಾತ್ರ ಏನು ಮಾಡುತ್ತದೆ ಅಂತ ಅದೊಂದನ್ನೇ ನೋಡಲಿ. ಶಿರಸಿಯ ಹಾರ್ಮೋನಿಯಂ ಮಾಸ್ತರರು ಹೇಳಿದ್ದು ಅಲ್ಲಿ ಕಾಣುತ್ತದೆ.

ಸಂಗೀತ ನಾಟಕ ನಮಗೆ ಹೊರಗಿನದ್ದು ಅಂತ ಹಿಂಜರಿಯುವವರು ನಿಮ್ಮಲ್ಲಿದ್ದರೆ ಇದನ್ನೂ ಹೇಳಿ: 1840ರ ದಶಕದಲ್ಲಿ ನಮ್ಮ ಕರ್ಕಿ ಕಡೆಯ ಮೇಳ ಸಾಂಗ್ಲಿಗೆ ಹೋಗಿ ಆಡಿದ್ದನ್ನು ನೋಡಿಯೇ ಅಲ್ಲಿನ ದೊರೆ ವಿಷ್ಣುದಾಸ ಭಾವೆಯವರಿಂದ ಮರಾಠಿ ನಾಟಕ ಮಾಡಿಸಿದರು ಅನ್ನುತ್ತಾರೆ. ಭಾವೆಯವರ 'ಸೀತಾ ಸ್ವಯಂವರ' 1843ರದ್ದು.

ಕಾರವಾರ, ಕೋಡಿಬಾಗದಿಂದ

ನಿಮ್ಮ ಪ್ರದರ್ಶನಕ್ಕೆ ನಾನೂ ಬಂದಿದ್ದೆ. ಎರಡನೇ ಸಾಲು. ನಮ್ಮ ಊರಿನ ಕಿವಿ ನಿಮಗೆ ಗೊತ್ತೇ ಇದೆ, ಮರಾಠಿ ನಾಟ್ಯಸಂಗೀತ ಕೇಳಿ ಬೆಳೆದದ್ದು. ಗೋವಾಕ್ಕೆ ಒಳ್ಳೇ ಸಂಗೀತ ನಾಟಕ ಬಂದರೆ ಈಗಲೂ ಕಾರು ಮಾಡಿಕೊಂಡು ಮಡಗಾಂವಿಗೆ ಹೋಗುವವರು ನಾವು. ಮರಾಠಿ ರಂಗದ ಹಾಡುವ ನಟ ಬಾಲಗಂಧರ್ವರ ಕಾಲದ 'ವನ್ಸ್ ಮೋರ್' ಕಥೆಗಳನ್ನು ಅಜ್ಜನ ಬಾಯಲ್ಲಿ ಕೇಳಿದ್ದೇವೆ.

ಆದ್ದರಿಂದ ಒಂದು ತಕರಾರು. ಕಳ್ಳನ ಹಾಡಿಗೆ ಹಿಂದಿನಿಂದ ಯಾರೋ 'ವನ್ಸ್ ಮೋರ್' ಅಂದರು. ನಿಮ್ಮವರು ಕೇಳಿಸದ ಹಾಗೆ ಮುಂದಿನ ಮಾತಿಗೆ ಹೋಗಿಬಿಟ್ಟರು. ಯಾಕೆ? ಇಡೀ ಹಾಡು ಬೇಡ, ಪಲ್ಲವಿ ಒಂದು ಸಲ ಎತ್ತಿಕೊಂಡಿದ್ದರೆ ಸಾಕಿತ್ತು. ಹಳೇ ನಾಟಕ ಅಂದರೆ ಬರೀ ಹಳೇ ಮಟ್ಟು, ಹಳೇ ವೇಷ ಅಲ್ಲವಲ್ಲ. ಪ್ರೇಕ್ಷಕ ಕೂಗಿದ್ದಕ್ಕೆ ರಂಗದಿಂದ ಉತ್ತರ ಬರುತ್ತಿತ್ತು, ಅದೂ ಅದರೊಳಗಿನದ್ದೇ. ವಿಮರ್ಶೆ ಬರೆದವರಿಗೆ ಓಟ ಕಮ್ಮಿ ಅನಿಸಿದ್ದು ಇಂಥ ಕಡೆ ಸಭೆ ತಣ್ಣಗಾದದ್ದರಿಂದಲೇ ಅಂತ ನನ್ನ ಅನುಮಾನ.

ಹುಡುಗರ ಚಿಂತೆ ಬಿಡಿ. 1967ರ ಮರಾಠಿ ಸಂಗೀತ ನಾಟಕ 'ಕಟ್ಯಾರ್ ಕಾಳ್ಜಾತ್ ಘುಸಲಿ' ಮತ್ತೆ ರಂಗಕ್ಕೆ ಬಂತು, 2015ರಲ್ಲಿ ಸಿನಿಮಾನೂ ಆಯಿತು. ನಮ್ಮ ಮನೆ ಹುಡುಗರು ಅದರ ಹಾಡನ್ನು ಫೋನಿನಲ್ಲಿ ಹಾಕಿಕೊಂಡು ತಿರುಗಿದರು. ಉದ್ದ ಆಯಿತು ಅಂತ ಅವರ್ಯಾರೂ ಹೇಳಲಿಲ್ಲ.

ಕುಮಟಾದಿಂದ

ನಾನು ಆಗೀಗ ಪತ್ರಿಕೆಗೆ ನಾಟಕದ ಬಗ್ಗೆ ಬರೆಯುತ್ತೇನೆ. ನಿಮ್ಮದರ ಬಗ್ಗೆ ಬರೆದವ ನಾನಲ್ಲ, ಮೊದಲೇ ಹೇಳಿಬಿಡುತ್ತೇನೆ. ವಿಮರ್ಶಕರ ಪರವಾಗಿಯೂ ಯಾರಾದರೂ ಮಾತಾಡಬೇಕಲ್ಲ!

'ಹಾಡು ಜಾಸ್ತಿ' ಅನ್ನುವುದನ್ನು ನೀವು ತಲೆಗೆ ಹಚ್ಚಿಕೊಳ್ಳಬೇಕಿಲ್ಲ. ಈ ಮಾತಿಗೆ ನೂರು ವರ್ಷದ ಹತ್ತಿರ ವಯಸ್ಸಾಗಿದೆ. ಕೈಲಾಸಂ, ಶ್ರೀರಂಗರ ಕಾಲದಲ್ಲಿ ಕಂಪನಿ ನಾಟಕದ ಹಾಡು, ಝಗಮಗ ಬೇಡ, ಮಾತಿನ ನಾಟಕ ಬೇಕು ಅಂತ ಒಂದು ಗಾಳಿ ಎದ್ದಿತು. ಆಮೇಲೆ ಏನಾಯಿತು? ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರು 1970ರ ದಶಕದಲ್ಲಿ ಅದೇ ಶ್ರೀರಂಗರ 'ಸತ್ತವರ ನೆರಳು' ನಾಟಕವನ್ನು ಪುರಂದರದಾಸರ ಪದಗಳ ಜೊತೆ ಆಡಿಸಿದರು. ಜನ ಮುಗಿಬಿದ್ದು ನೋಡಿದರು. ಆಗ ಯಾರೂ ಹಾಡು ಜಾಸ್ತಿ ಆಯಿತು ಅನ್ನಲಿಲ್ಲ, ಯಾಕೆಂದರೆ ಅಲ್ಲಿ ಹಾಡೇ ನಾಟಕವನ್ನು ಮುಂದಕ್ಕೆ ಎಳೆಯುತ್ತಿತ್ತು.

ಆದರೆ ವಿಮರ್ಶೆಯ ಮೂರನೇ ಮಾತು, ಈ ಕಾಲಕ್ಕೆ ಏನು ಹೇಳುತ್ತದೆ ಅಂದದ್ದು, ಅದನ್ನು ತಳ್ಳಿಹಾಕಬೇಡಿ. 'ಸದಾರಮೆ'ಯಲ್ಲಿ ಕಳ್ಳನ ಪಾತ್ರ ಗುಬ್ಬಿ ವೀರಣ್ಣನವರು ಮಾಡುತ್ತಿದ್ದದ್ದು. ಹಾಗಾಗಿ ನಾಟಕದ ಹೆಸರು ನಾಯಕಿ ಸದಾರಮೆಯದ್ದು, ಚಪ್ಪಾಳೆ ಕಳ್ಳನದ್ದು ಅನ್ನುವ ಸ್ಥಿತಿ. ಅವರ ಮೊಮ್ಮಗಳು ಬಿ. ಜಯಶ್ರೀ ಅದೇ ನಾಟಕ ಎತ್ತಿಕೊಂಡಾಗ ಕಳ್ಳನ ಪಾತ್ರವನ್ನು ತಾವೇ ಮಾಡಿದರು. ಹೆಣ್ಣೊಬ್ಬಳು ಆ ಕಳ್ಳನಾಗಿ ನಿಂತರೆ ಸಾಕು, ನೋಟವೇ ಬದಲಾಗುತ್ತದೆ. ನೀವು ಹಾಗೆ ಮಾಡಿ ಅನ್ನುತ್ತಿಲ್ಲ. ಕಾಡಿನಲ್ಲಿ ಕಳ್ಳನ ಕೈಗೆ ಸಿಕ್ಕವಳು ತನ್ನ ಬುದ್ಧಿಯಿಂದಲೇ ಪಾರಾಗುತ್ತಾಳೆ ಅಲ್ವಾ? ಆ ದೃಶ್ಯದಲ್ಲಿ ನಿಮ್ಮ ಸದಾರಮೆ ಕಳ್ಳ ಹಾಡುವಷ್ಟು ಹೊತ್ತೂ ಏನು ಮಾಡುತ್ತಿರುತ್ತಾಳೆ? ನೆಲ ನೋಡುತ್ತಿದ್ದರೆ ಅವಳ ಬುದ್ಧಿ ಕೊನೆಗೆ ಆಕಾಶದಿಂದ ಬಿದ್ದಂತೆ ಕಾಣುತ್ತದೆ. ಅವನ ಹಾಡಿನ ಉದ್ದಕ್ಕೂ ಅವನನ್ನು ಅಳೆಯುತ್ತಿದ್ದರೆ, ಈ ಕಾಲಕ್ಕೆ ಏನು ಹೇಳುತ್ತದೆ ಅಂತ ಯಾರೂ ಕೇಳುವುದಿಲ್ಲ.

ಮತ್ತೆ ಕಾರವಾರದಿಂದ

ಎಲ್ಲರಿಗೂ ಧನ್ಯವಾದ. ನೆಲ ನೋಡುತ್ತಿದ್ದಾಳೆ ಅನ್ನುವುದನ್ನು ಬರುವ ತಾಲೀಮಿನಲ್ಲಿ ನೋಡುತ್ತೇನೆ, ಖಂಡಿತ ನೆಲವನ್ನೇ ನೋಡುತ್ತಿರುತ್ತಾಳೆ. ಹಾಡು ಬಿಡುವುದಿಲ್ಲ ಅಂತ ತೀರ್ಮಾನ ಆಯಿತು. ಸಭೆ, ಸನ್ಮಾನದ ವಿಷಯ ಮಾತ್ರ ನನ್ನ ಕೈಯಲ್ಲಿಲ್ಲ, ಪ್ರಾಯೋಜಕರ ಕೈಯಲ್ಲಿದೆ. ಇನ್ನು ಎರಡು ಸಂಶಯ. ಕಾಲರ್ ಮೈಕು ಹಾಕಬೇಕಾ? ಮತ್ತೆ, ಮಟ್ಟುಗಳಲ್ಲಿ ಕೆಲವು ದಕ್ಷಿಣಾದಿಯವು, ಅಂದರೆ ಕರ್ನಾಟಕ ಸಂಗೀತದವು, ಶಿರಸಿಯ ಹಿಂದೂಸ್ತಾನಿ ಕಿವಿಗೆ ಒಗ್ಗುತ್ತವಾ?

ಶಿರಸಿಯಿಂದ

ಸನ್ಮಾನ ಮಧ್ಯಂತರಕ್ಕೆ ಹಾಕಿ. ಚಾ ಕುಡಿಯಲು ಹೋಗುವವರು ಹೋಗಿ ಬರಲಿ.

ಒಗ್ಗುತ್ತವೆ. ಮೋಹನ ಎತ್ತಿದರೆ ಇಲ್ಲಿಯ ಮುಂದಿನ ಸಾಲು ಭೂಪ್ ಅಂತ ತಲೆದೂಗುತ್ತದೆ, ಹಿಂದೋಳ ಎತ್ತಿದರೆ ಮಾಲಕಂಸ್ ಅನ್ನುತ್ತದೆ. ತಕರಾರು ಬಂದರೆ ಶ್ರುತಿಯ ಬಗ್ಗೆ ಬರುತ್ತದೆ, ಅದರಲ್ಲಿ ಕರುಣೆ ತೋರಿಸುವವರಲ್ಲ ನಾವು. ಮೈಕು ಕಾಲರಿಗೆ ಬೇಡ. ಒಡವೆ ತಾಗಿ ಕರಕರ ಅನ್ನುತ್ತದೆ, ಹಾಡುವಾಗ ತಿರುಗಿದರೆ ದನಿ ಏರಿಳಿಯುತ್ತದೆ. ಮೇಲಿಂದ ಎರಡು ಮೂರು ಮೈಕು ಇಳಿಬಿಟ್ಟು, ಯಾರು ಎಲ್ಲಿ ನಿಂತು ಹಾಡಬೇಕು ಅಂತ ಗುರುತು ಹಾಕಿಕೊಳ್ಳಿ. ಪೆಟ್ಟಿಗೆಗೆ ಬೇರೆ ಮೈಕು ಇಡಲೇಬೇಡಿ, ಹಾಡುವವರನ್ನು ನುಂಗಿಬಿಡುತ್ತದೆ. ಪೆಟ್ಟಿಗೆ ಬಾರಿಸುವವನೇ ಹೇಳುತ್ತಿದ್ದೇನೆ, ನಂಬಿ.

ನಮ್ಮಲ್ಲಿ ಹಳೇ ಕಾಲ್ಪೆಟ್ಟಿಗೆ, ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಂ, ಒಂದಿದೆ. ಬೇಕಿದ್ದರೆ ಮೊದಲೇ ತಿಳಿಸಿ, ಒಂದು ಸ್ವರ ಕೂತಿದೆ, ಸರಿ ಮಾಡಿಸಿಡುತ್ತೇನೆ.